ಬಾಗಿಲಲ್ಲೇ ನಿಂತು ‘ಹೌದು, ಅವನೇ’ ಅನ್ನಬೇಡಿ

ಶವಾಗಾರದ ಬಾಗಿಲಲ್ಲಿ ಮೂಗಿಗೆ ಕರ್ಚೀಫ್ ಹಿಡಿದು ಒಂದು ಸಲ ಇಣುಕುತ್ತಾರೆ. ‘ಹೌದು ಸಾರ್, ನಮ್ಮವನೇ. ಬೇಗ ಕೊಟ್ಬಿಡಿ’ ಅನ್ನುತ್ತಾರೆ. ಮರಣೋತ್ತರ ಪರೀಕ್ಷೆ ಮಾಡುವ ವೈದ್ಯನಾಗಿ ಇದನ್ನು ಕೇಳಿ ಕೇಳಿ ಸಾಕಾಗಿದೆ. ಅವಸರ ಅರ್ಥವಾಗುತ್ತದೆ. ಕತ್ತಲಾಗುವುದರೊಳಗೆ ಊರು ಮುಟ್ಟಬೇಕು, ಅಲ್ಲಿ ಜನ ಕಾಯುತ್ತಿರುತ್ತಾರೆ. ಆದರೆ ಕೊಳೆತ ಅಥವಾ ಸುಟ್ಟ ದೇಹದ ಮುಖ ನೋಡಿ ಹೇಳುವ ಗುರುತನ್ನು ನಾನು ನಂಬುವುದಿಲ್ಲ.

ನೀರಲ್ಲಿ ಮೂರು ದಿನ ಇದ್ದ ದೇಹದ ಮುಖ ಊದಿರುತ್ತದೆ, ತುಟಿ ದಪ್ಪವಾಗಿ ಚರ್ಮ ಕಪ್ಪಾಗಿರುತ್ತದೆ. ವಯಸ್ಸು ಊಹಿಸುವುದೇ ಕಷ್ಟ. ಮಗನನ್ನು ಹುಡುಕಿ ಬಂದವರಿಗೆ ಅಲ್ಲಿ ಮಗನೇ ಕಾಣುತ್ತಾನೆ. ಶರ್ಟು, ಮೊಬೈಲು, ಜೇಬಿನ ಆಧಾರ್ ಕಾರ್ಡು ಬರೀ ಸುಳಿವು ಅಷ್ಟೇ.

ಒಮ್ಮೆ ಕೆರೆಯಲ್ಲಿ ಸಿಕ್ಕ ಒಬ್ಬನನ್ನು ಅವನ ಭಾವ ಎನ್ನುವವರು ಶರ್ಟು ನೋಡಿ ಒಪ್ಪಿದರು. ಹೊರಗೆ ಕೂತಿದ್ದ ತಾಯಿಯನ್ನು ಯಾರೂ ಕೇಳಿರಲಿಲ್ಲ. ನಾನು ವಿಚಾರಿಸಿದಾಗ, ‘ಚಿಕ್ಕೋನಿದ್ದಾಗ ಮೇವು ಕತ್ತರಿಸೋ ಮಷೀನಿಗೆ ಸಿಕ್ಕಿ ಎಡಗೈ ಕಿರುಬೆರಳ ತುದಿ ಹೋಗಿತ್ತಪ್ಪಾ’ ಅಂದರು. ಒಳಗಿದ್ದವನ ಹತ್ತೂ ಬೆರಳು ಪೂರ್ತಿ ಇದ್ದವು.

ನಮ್ಮಲ್ಲಿ ಕೊರೋನರ್ (ಅಸಹಜ ಸಾವುಗಳ ವಿಚಾರಣೆಗೆಂದೇ ಇರುವ ಅಧಿಕಾರಿ) ಇಲ್ಲ. ಅಸಹಜ ಸಾವಾದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ (ಮೊದಲಿನ ಸಿಆರ್‌ಪಿಸಿ 174) ಪ್ರಕಾರ ಪೊಲೀಸರು ಪಂಚರ (ಸ್ಥಳೀಯ ಸಾಕ್ಷಿಗಳ) ಎದುರು ಶವ ಮಹಜರು, ಅಂದರೆ ದೇಹ ಪರಿಶೀಲಿಸಿ ಕಂಡದ್ದನ್ನು ಬರೆಯುವ ಕೆಲಸ, ಮಾಡುತ್ತಾರೆ. ಗುರುತಿಸಿದವರ ಹೇಳಿಕೆಯೂ ಆಗಲೇ ದಾಖಲಾಗುತ್ತದೆ. ಮರಣ ಪ್ರಮಾಣಪತ್ರ, ವಿಮೆ, ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು) ಎಲ್ಲ ಮುಂದೆ ಆ ಗುರುತನ್ನೇ ಹಿಡಿದು ನಡೆಯುತ್ತವೆ. ಅದು ತಪ್ಪಾದರೆ ಇನ್ಯಾರದೋ ಮಗನ ಚಿತೆಗೆ ನೀವು ಬೆಂಕಿ ಇಟ್ಟಂತೆ. ಅವನ ಮನೆಯವರು ‘ಕಾಣೆಯಾಗಿದ್ದಾನೆ’ ಎಂಬ ದೂರು ಹಿಡಿದು ಠಾಣೆಗೆ ಅಲೆಯುತ್ತಲೇ ಇರುತ್ತಾರೆ. ಸುದ್ದಿಯೇ ಇಲ್ಲದವನು ಸತ್ತಿದ್ದಾನೆಂದು ಕಾನೂನು ಭಾವಿಸಲು ಸಾಮಾನ್ಯವಾಗಿ 7 ವರ್ಷ ಬೇಕು. ಪೂರ್ತಿ ಸುಟ್ಟ ಬೂದಿಯಿಂದ ಡಿಎನ್ಎ ಸಿಗುತ್ತದೆಂಬ ಭರವಸೆಯೂ ಬೇಡ.

2010ರ ಮೇ 22ರ ಮಂಗಳೂರು ವಿಮಾನ ದುರಂತ ನೆನಪಿದೆ ಅಲ್ವಾ? 158 ಜನ ತೀರಿಕೊಂಡರು. ಅನೇಕ ದೇಹಗಳು ಗುರುತು ಸಿಗದಷ್ಟು ಸುಟ್ಟಿದ್ದವು. ಡಿಎನ್ಎ ಪರೀಕ್ಷೆ ಮಾಡಿದರೂ ಯಾರದೆಂದು ತಿಳಿಯದೆ 12 ದೇಹಗಳನ್ನು ಅಲ್ಲೇ ಹೂಳಬೇಕಾಯಿತು.

‘ಆಧಾರ್ ಮಷೀನಿಗೆ ಬೆರಳಿಟ್ಟು ನೋಡಿ ಸಾರ್’ ಅನ್ನುತ್ತಾರೆ. ಆಗುವುದಿಲ್ಲ. ಆ ಬೆರಳಚ್ಚು ಯಾರಿಗೂ ಕೊಡುವಂತಿಲ್ಲ ಎಂದು ಆಧಾರ್ ಕಾಯ್ದೆಯೇ ಹೇಳುತ್ತದೆ. ಡಿಎನ್ಎಗೆ ಹೆಂಡತಿ ರಕ್ತ ಕೊಡಲು ಮುಂದಾಗುತ್ತಾರೆ, ಪಾಪ. ಅವರದೊಂದೇ ಸಾಲದು. ತಂದೆ, ತಾಯಿ, ಮಕ್ಕಳ ರಕ್ತ ಬೇಕು. ಒಡಹುಟ್ಟಿದವರದ್ದಾದರೆ ಫಲಿತಾಂಶ ಅಷ್ಟು ಗಟ್ಟಿ ಇರುವುದಿಲ್ಲ. ಯಾರ ಮಾದರಿ ತೆಗೆಯಬೇಕೆಂದು ಪ್ರಕರಣ ನೋಡಿ ತನಿಖಾಧಿಕಾರಿ, ಲ್ಯಾಬಿನವರು ಹೇಳುತ್ತಾರೆ.

ಬರುವಾಗ ಹಳೇ ಎಕ್ಸ್‌ರೇ, ಆಪರೇಷನ್ ಚೀಟಿ, ಹಲ್ಲಿನ ಡಾಕ್ಟರ ಫೈಲು, ಹಲ್ಲು ಕಾಣುವಂತೆ ನಕ್ಕಿರುವ ಫೋಟೊ ತನ್ನಿ. ತೊಡೆಯಲ್ಲಿ ಪ್ಲೇಟ್ ಹಾಕಿಸಿದ್ದರೆ ಅದರ ಮೇಲಿನ ನಂಬರೂ ಎಷ್ಟೋ ಸಲ ದಾರಿ ತೋರಿಸುತ್ತದೆ. ಹಚ್ಚೆ, ಮಚ್ಚೆ, ಹೊಲಿಗೆಯ ಕಲೆಗಳನ್ನು ದೇಹ ನೋಡುವ ಮೊದಲೇ ಹೇಳಿ, ನೋಡಿದ ಮೇಲಲ್ಲ. ಹೆಂಗಸರು ಬೇಡ ಎಂದು ತಾಯಿಯನ್ನೋ ಹೆಂಡತಿಯನ್ನೋ ಮನೆಯಲ್ಲಿ ಬಿಟ್ಟು ಬರಬೇಡಿ. ಮೈಮೇಲಿನ ಗುರುತು ಜಾಸ್ತಿ ಗೊತ್ತಿರುವುದು ಅವರಿಗೇ. ಅವರು ಒಳಗೆ ಬರಲೇಬೇಕೆಂದಿಲ್ಲ, ಹೊರಗಿನ ಬೆಂಚಿನ ಮೇಲೆ ಕೂತು ಹೇಳಿದರೂ ಬರೆದುಕೊಳ್ಳುತ್ತೇವೆ.