ನೀಲಿ ಪಟ್ಟಿಯೂ ಕೆಂಪು ಕಲೆಯೂ: ಭೂಕಂಪನ ಟೊಮೊಗ್ರಫಿಯನ್ನು ಓದುವ ಬಗೆ

ಜಪಾನಿನ ಅಡಿಯ ಭೂಗರ್ಭವನ್ನು ತೋರಿಸುವ ಚಿತ್ರದಲ್ಲಿ ಓರೆಯಾಗಿ ಇಳಿಯುವ ನೀಲಿ ಪಟ್ಟಿಯನ್ನು ಕಂಡೊಡನೆ ‘ಮುಳುಗುತ್ತಿರುವ ಭೂಫಲಕ’ ಎಂದು ನಾವು ಬರೆದುಬಿಡುತ್ತೇವೆ. ವಾಸ್ತವದಲ್ಲಿ ಆ ನೀಲಿ, ಭೂಕಂಪದ ಅಲೆಗಳು ನಿರೀಕ್ಷಿತ ಹೊತ್ತಿಗಿಂತ ಎಷ್ಟು ಬೇಗ ಮಾಪಕವನ್ನು ತಲುಪಿದವು ಎಂಬುದರಿಂದ ಹಿಂದಕ್ಕೆ ಕಟ್ಟಿದ ಲೆಕ್ಕವಾಗಿದೆ. ಅಲೆಗಳು ತಡವಾಗಿ ಬಂದ ಕಡೆ ಕೆಂಪು ಬಣ್ಣ ಬೀಳುತ್ತದೆ. ಹೀಗೆ ಅಲೆಗಳ ಪಯಣದ ಹೊತ್ತಿನಿಂದ ಭೂಗರ್ಭದ ಚಿತ್ರ ಕಟ್ಟುವ ವಿಧಾನವೇ ಭೂಕಂಪನ ಟೊಮೊಗ್ರಫಿ.

ಮೈಸೂರಿನಿಂದ ಹೊರಟ ಮಂಡ್ಯದ ಬಸ್ಸೂ ಪಾಂಡವಪುರದ ಬಸ್ಸೂ ತಡವಾಗಿ, ಬನ್ನೂರಿನ ಮೇಲೆ ಮಳವಳ್ಳಿಗೆ ಹೋಗುವ ಬಸ್ಸು ಮಾತ್ರ ವೇಳೆಗೆ ತಲುಪಿದರೆ, ಅಡಚಣೆ ಮೊದಲೆರಡು ಬಸ್ಸುಗಳೂ ಸಾಗುವ ಶ್ರೀರಂಗಪಟ್ಟಣದವರೆಗಿನ ದಾರಿಯಲ್ಲಿದೆಯೆಂದು ಊಹಿಸಬಹುದು. ಆದರೆ ಆ ದಾರಿಯ ನಡುವೆ ಕವಲೊಡೆಯುವ ಮತ್ತೊಂದು ಬಸ್ಸಿಲ್ಲದೆ, ಅಡಚಣೆ ನಿಖರವಾಗಿ ಎಲ್ಲಿದೆಯೆಂದು ಹೇಳಲಾಗದು. ಟೊಮೊಗ್ರಫಿಯ ಬಲವೂ ಮಿತಿಯೂ ಇದೇ. ಒಂದನ್ನೊಂದು ಅಡ್ಡಹಾಯುವ ಅಲೆಪಥಗಳು ಕಡಿಮೆಯಿದ್ದಲ್ಲಿ ಸಣ್ಣ ಕಲೆಯೊಂದು ಪಥದುದ್ದಕ್ಕೂ ಹರಡಿ, ಇಲ್ಲದ ಫಲಕದಂತೆ ಕಾಣಿಸಬಹುದು.

ಹಾಗಾದರೆ ಫಲಕವೇ ಎಂದು ನಂಬುವುದು ಹೇಗೆ? ಜಪಾನಿನ ಕಿಯೋ ವಾದಾತಿ ಮತ್ತು ಅಮೆರಿಕದ ಹ್ಯೂಗೋ ಬೆನಿಯಾಫ್ ಗುರುತಿಸಿದ, ಸುಮಾರು 700 ಕಿ.ಮೀ. ಆಳದವರೆಗೂ ಓರೆಯಾಗಿ ಇಳಿಯುವ ಭೂಕಂಪಗಳ ಸಾಲು ನೀಲಿ ಪಟ್ಟಿಯಿರುವ ಜಾಗದಲ್ಲೇ ಬೀಳುತ್ತದೆ. ಶಿಲೆಯ ಮೂಲಕ ಶಾಖ ಬಹಳ ನಿಧಾನವಾಗಿ ಹರಿಯುವುದರಿಂದ ಫಲಕ ಲಕ್ಷಾಂತರ ವರ್ಷ ತಣ್ಣಗೇ ಉಳಿದು, ಅದರೊಳಗೆ ಅಲೆಗಳು ಶೇಕಡಾ ಕೆಲವಷ್ಟು ವೇಗವಾಗಿ ಸಾಗುತ್ತವೆ.

ಪರೀಕ್ಷೆಯಲ್ಲಿ ಹೆಚ್ಚಾಗಿ ಎಡವುವುದು ಜ್ವಾಲಾಮುಖಿಯ ವಿಷಯದಲ್ಲಿ. ಸಾಮಾನ್ಯವಾಗಿ ಫಲಕವೇ ಕರಗಿ ಶಿಲಾಪಾಕ (ಮ್ಯಾಗ್ಮಾ) ಆಗುವುದಿಲ್ಲ. ಸಾಗರತಳದಲ್ಲಿ ಖನಿಜಗಳೊಳಗೆ ಸೇರಿಕೊಂಡ ನೀರನ್ನು ಫಲಕ ಆಳದಲ್ಲಿ ಬಿಟ್ಟುಕೊಡುತ್ತದೆ. ಆ ನೀರು ಫಲಕದ ಮೇಲಿನ ಬಿಸಿ ಮ್ಯಾಂಟಲ್‌ನ (ಭೂಚಿಪ್ಪಿನಡಿಯ ಶಿಲಾಪದರದ) ಕರಗುವ ಉಷ್ಣತೆಯನ್ನು ತಗ್ಗಿಸಿದಾಗ ಅಲ್ಲಿ ಶಿಲಾಪಾಕ ಹುಟ್ಟುತ್ತದೆ. ಆದ್ದರಿಂದಲೇ ಜ್ವಾಲಾಮುಖಿಗಳ ಸಾಲು ಹೆಚ್ಚಾಗಿ ಫಲಕದ ಮೇಲ್ಮೈ ಸುಮಾರು 100 ಕಿ.ಮೀ. ಆಳಕ್ಕೆ ಇಳಿದಿರುವ ಜಾಗದ ನೆತ್ತಿಯ ಮೇಲೆ ನಿಲ್ಲುತ್ತದೆ. ಚಿತ್ರದಲ್ಲಿ ಅಲ್ಲಿ ಕಾಣುವ ಕೆಂಪೆಲ್ಲ ಶಿಲಾಪಾಕವೆನ್ನುವುದೂ ಅವಸರದ ಮಾತು, ಏಕೆಂದರೆ ಕೇವಲ ಬಿಸಿಯೂ ಅಲೆಗಳನ್ನು ನಿಧಾನಗೊಳಿಸುತ್ತದೆ. ಭೂಕಂಪದ ಅಲೆಗಳಲ್ಲಿ ಮೊದಲು ಬರುವ ಪಿ ಅಲೆಗಳು ದ್ರವದಲ್ಲೂ ಹಾಯುತ್ತವೆ, ನಂತರ ಬರುವ ಎಸ್ ಅಲೆಗಳು ಹಾಯಲಾರವು; ಎಸ್ ಅಲೆಗಳ ವೇಗ ಪಿ ಅಲೆಗಳ ವೇಗಕ್ಕಿಂತ ಬಹಳ ಹೆಚ್ಚಿನ ಪ್ರಮಾಣದಲ್ಲಿ ತಗ್ಗಿದ್ದರೆ ಮಾತ್ರ ಕರಗಿದ ಅಂಶದ ವಾದಕ್ಕೆ ಬಲ ಬರುತ್ತದೆ.

ನಮ್ಮ ಚಾಮುಂಡಿ ಬೆಟ್ಟದ ಗ್ರಾನೈಟಿನಡಿ ಮುಳುಗುವ ಫಲಕವಿಲ್ಲ. ಭಾರತದೊಳಗಿನ ಉದಾಹರಣೆ ಬೇಕಾದರೆ ಅಂಡಮಾನಿಗೆ ಹೋಗಬೇಕು. ಅಲ್ಲಿ ಭಾರತೀಯ ಫಲಕ ಬರ್ಮಾ ಫಲಕದಡಿ ಇಳಿಯುತ್ತಿದ್ದು, ದೀರ್ಘಕಾಲ ಸುಮ್ಮನಿದ್ದ ಬ್ಯಾರನ್ ದ್ವೀಪದ ಜ್ವಾಲಾಮುಖಿ 1991ರಲ್ಲಿ ಮತ್ತೆ ಸಿಡಿಯಿತು. ಅಂಡಮಾನಿನ ದ್ವೀಪಗಳು ಉತ್ತರ-ದಕ್ಷಿಣವಾಗಿ ಒಂದೇ ಸಾಲಿನಲ್ಲಿರುವುದರಿಂದ ಅವುಗಳ ಮೇಲಿನ ಮಾಪಕಗಳಿಗೆ ಅಡ್ಡಹಾಯುವ ಪಥಗಳು ಕಡಿಮೆ ಸಿಗುತ್ತವೆ. ಆ ಕೊರತೆಯನ್ನು ತುಂಬಲು ಇಕ್ಕೆಲಗಳ ಸಮುದ್ರತಳದಲ್ಲಿಯೇ ಮಾಪಕಗಳನ್ನು ಇಳಿಸಬೇಕಾಗುತ್ತದೆ.