ಸುಳಿಗೀರು ಹೋಗಬೇಕು, ಕ್ಲಿಯರ್ ಕೋಟ್ ಉಳಿಯಬೇಕು

ಕಪ್ಪು ಅಥವಾ ಕಡುನೀಲಿ ಬಣ್ಣದ ಕಾರನ್ನು ಬಿಸಿಲಿಗೆ ನಿಲ್ಲಿಸಿ ಬಾನೆಟ್ ಮೇಲೆ ಮೂಡಿದ ಸೂರ್ಯನ ಪ್ರತಿಬಿಂಬವನ್ನು ಗಮನಿಸಿದರೆ, ಅದರ ಸುತ್ತ ನೂರಾರು ಕೂದಲೆಳೆ ಗೀರುಗಳು ವೃತ್ತಾಕಾರವಾಗಿ ಸುತ್ತಿಕೊಂಡಂತೆ ಕಾಣುತ್ತವೆ. ಕಸುಬಿನವರು ಸ್ವರ್ಲ್ ಮಾರ್ಕ್ ಎನ್ನುವ ಇವನ್ನು ಇಲ್ಲಿ ಸುಳಿಗೀರು ಎಂದು ಕರೆಯುತ್ತೇನೆ. ವಾಸ್ತವದಲ್ಲಿ ಈ ಗೀರುಗಳು ವೃತ್ತಾಕಾರದಲ್ಲಿ ಇರುವುದಿಲ್ಲ. ಒರೆಸಿದ ಕೈ ಓಡಿದ ಕಡೆಗೆಲ್ಲ ಅವು ಅಡ್ಡಾದಿಡ್ಡಿಯಾಗಿ ಬಿದ್ದಿರುತ್ತವೆ. ಬೆಳಕು ಬರುವ ದಿಕ್ಕಿಗೆ ಅಡ್ಡವಾಗಿರುವ ಗೀರುಗಳ ಅಂಚು ಮಾತ್ರ ಬೆಳಕನ್ನು ನಮ್ಮ ಕಣ್ಣಿಗೆ ಮರಳಿಸುವುದರಿಂದ ವೃತ್ತದ ಭ್ರಮೆ ಉಂಟಾಗುತ್ತದೆ. ಕತ್ತಲಲ್ಲಿ ಟಾರ್ಚ್ ಹಿಡಿದು ಒಂದು ಗೇಣು ಸರಿಸಿ ನೋಡಿ, ವೃತ್ತವೂ ಅದರೊಂದಿಗೇ ಸರಿಯುತ್ತದೆ. ಹಾಗಾಗಿ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಚೊಕ್ಕವಾಗಿ ಕಂಡ ಕಾರನ್ನು ಒಂದೇ ಬಲ್ಬಿನ ನೇರ ಬೆಳಕಿನಲ್ಲಿ ನೋಡದೆ ಯಾವ ತೀರ್ಮಾನಕ್ಕೂ ಬರಬಾರದು.

ಮಂಗಳೂರು, ಉಡುಪಿ ಕಡೆಯ ಕಾರುಗಳಲ್ಲಿ ಈ ಗೀರುಗಳು ಹೆಚ್ಚಾಗಿ ಬೀಳುವುದು ರಸ್ತೆಯಲ್ಲಿ ಅಲ್ಲ, ಮನೆಯಂಗಳದಲ್ಲಿ. ಬೆಳಿಗ್ಗೆ ಆಫೀಸಿಗೆ ಹೊರಡುವ ಮುನ್ನ ಹಳೆಯ ಬೈರಾಸನ್ನು, ಅಂದರೆ ಟವೆಲನ್ನು, ಒದ್ದೆ ಮಾಡಿ ಮುರಕಲ್ಲಿನ ಕೆಂಪು ಧೂಳನ್ನು ಒರೆಸುವುದು ನಮ್ಮಲ್ಲಿ ಎಷ್ಟೋ ಮನೆಗಳ ನಿತ್ಯದ ರೂಢಿ. ಮಲ್ಪೆ, ಪಣಂಬೂರು, ಸೋಮೇಶ್ವರದ ಕಡಲ ಬದಿಯಲ್ಲಿ ಕಾರು ನಿಲ್ಲಿಸುವವರ ಬೈರಾಸಿಗೆ ಧೂಳಿನ ಜೊತೆ ಮರಳೂ ಸಿಕ್ಕಿಕೊಳ್ಳುತ್ತದೆ. ಮರಳಿನಲ್ಲಿರುವ ಕ್ವಾರ್ಟ್ಜ್ ಖನಿಜದ ಗಡಸುತನ 1ರಿಂದ 10ರವರೆಗಿನ ಮೋಸ್ ಮಾನದಲ್ಲಿ 7 ಇರುವಾಗ, ಕಾರಿನ ಮೇಲ್ಪದರ ಅದನ್ನು ತಾಳಿಕೊಳ್ಳುವುದು ಸಾಧ್ಯವೇ ಇಲ್ಲ. ಈ ರೂಢಿಯನ್ನು ಬಿಡದೆ ಪಾಲಿಶ್ ಮಾಡಿಸುವವರು ಮೂರ್ನಾಲ್ಕು ತಿಂಗಳಲ್ಲಿ ಮತ್ತೆ ಅದೇ ಗೀರುಗಳೊಂದಿಗೆ ಬರುತ್ತಾರೆ, ಮತ್ತು ಪ್ರತಿ ಸಲವೂ ಅವರ ಕಾರಿನ ಬಣ್ಣ ಮೊದಲಿಗಿಂತ ತೆಳುವಾಗಿರುತ್ತದೆ.

ತೆಳುವಾಗುವ ಈ ವಿಷಯವನ್ನು ಸರಿಯಾಗಿ ಅರಿತವರು ಕಡಿಮೆ. ಕಾರ್ಖಾನೆಯಿಂದ ಬಂದ ಕಾರಿನ ತಗಡಿನ ಮೇಲೆ ಪ್ರೈಮರ್, ಬಣ್ಣ, ಅದರ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಕೋಟ್ ಎಲ್ಲ ಸೇರಿ ಸಾಮಾನ್ಯವಾಗಿ 90ರಿಂದ 150 ಮೈಕ್ರಾನ್ ದಪ್ಪವಿರುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರ ಪಾಲುಗಳಲ್ಲಿ ಒಂದು. ಅದರಲ್ಲಿ ಕ್ಲಿಯರ್ ಕೋಟ್‌ನ ಪಾಲು ಸುಮಾರು 35ರಿಂದ 50 ಮೈಕ್ರಾನ್ ಮಾತ್ರ. ಸುಳಿಗೀರು ಇರುವುದು ಈ ಪದರದ ಮೇಲ್ಭಾಗದಲ್ಲಿ, ಮತ್ತು ಅದನ್ನು ತೆಗೆಯುವುದೆಂದರೆ ಗೀರಿನ ತಳಮಟ್ಟದವರೆಗೆ ಸುತ್ತಲಿನ ಕ್ಲಿಯರ್ ಕೋಟನ್ನೇ ಸವೆಸಿ ಸಮ ಮಾಡುವುದು. ಬಿಸಿಲಿನ ಅತಿನೇರಳೆ ಕಿರಣಗಳಿಂದ ಬಣ್ಣವನ್ನು ಕಾಯುವ ಅಂಶಗಳೂ ಇದೇ ಪದರದಲ್ಲಿವೆ. ಅತಿಯಾಗಿ ಸವೆಸಿದ ರೂಫ್ ಮತ್ತು ಬಾನೆಟ್ ಕೆಲವು ವರ್ಷಗಳಲ್ಲಿ ಬಿಳಚಿಕೊಂಡು ಸಿಪ್ಪೆ ಏಳುತ್ತವೆ, ಆಮೇಲೆ ಪೂರ್ತಿ ಬಣ್ಣ ಹೊಡೆಸದೆ ಬೇರೆ ದಾರಿ ಇರುವುದಿಲ್ಲ. ಆದ್ದರಿಂದ ಈ ಕೆಲಸ ಕಲಿಯಲು ಹೊರಟವರು ಎಷ್ಟು ಹೊಳಪು ಬರಿಸಬಹುದು ಎಂದು ಕೇಳುವ ಮೊದಲು, ಎಷ್ಟು ಕಡಿಮೆ ಸವೆಸಿ ಕೆಲಸ ಮುಗಿಸಬಹುದು ಎಂದು ಕೇಳಿಕೊಳ್ಳಬೇಕು.

ಪಾಲಿಶ್ ಯಂತ್ರದ ಆಯ್ಕೆಯೂ ಇದೇ ಪ್ರಶ್ನೆಗೆ ಸೇರಿದ್ದು. ರೋಟರಿ ಯಂತ್ರದಲ್ಲಿ ಬಣ್ಣವನ್ನು ಉಜ್ಜುವ ಪ್ಯಾಡ್ ಒಂದೇ ಅಕ್ಷದ ಮೇಲೆ ಸುತ್ತುತ್ತದೆ. ಬೇಗ ಕೊರೆಯುತ್ತದೆ, ಬೇಗ ಬಿಸಿಯಾಗುತ್ತದೆ, ಕೈ ಪಳಗಿಲ್ಲದಿದ್ದರೆ ಅಂಚಿನ ಬಣ್ಣವನ್ನು ಕ್ಷಣದಲ್ಲಿ ಸುಡುತ್ತದೆ, ಬಿಸಿಲಿನಲ್ಲಿ ಮಾತ್ರ ಕಾಣುವ ಹೊಲೋಗ್ರಾಮ್ ಪಟ್ಟೆಗಳನ್ನೂ ಬಿಡುತ್ತದೆ. ಡ್ಯುಯಲ್ ಆಕ್ಷನ್ ಯಂತ್ರದಲ್ಲಿ, ಅಂದರೆ ಡಿಎ ಪಾಲಿಶರ್‌ನಲ್ಲಿ, ಪ್ಯಾಡ್ ಸುತ್ತುವುದರ ಜೊತೆಗೆ ಓಲಾಡುವುದರಿಂದ ಬಿಸಿ ಒಂದೇ ಕಡೆ ಕೂಡುವುದಿಲ್ಲ. ಹೊಸಬರು ಡಿಎಯಿಂದಲೇ ಆರಂಭಿಸಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಓಲಾಟದ ಅಗಲ 8 ಮಿ.ಮೀ., 15 ಮಿ.ಮೀ., 21 ಮಿ.ಮೀ. ಹೀಗೆ ಬರುತ್ತದೆ, ಅಗಲ ಹೆಚ್ಚಿದಷ್ಟೂ ಸಪಾಟಾದ ಜಾಗದಲ್ಲಿ ಕೆಲಸ ಬೇಗ ಸಾಗುತ್ತದೆ, ಆದರೆ ತಿರುವು ಮತ್ತು ಉಬ್ಬುಗಳಲ್ಲಿ ಪ್ಯಾಡ್ ಸುತ್ತುವುದನ್ನು ನಿಲ್ಲಿಸಿ ಬರೀ ನಡುಗತೊಡಗುತ್ತದೆ. ಪ್ಯಾಡನ್ನು ಹಿಡಿದಿಡುವ ಬ್ಯಾಕಿಂಗ್ ಪ್ಲೇಟಿನ ಅಂಚಿಗೆ ಮಾರ್ಕರಿನಿಂದ ಒಂದು ಗೆರೆ ಎಳೆದಿಟ್ಟುಕೊಂಡರೆ ಪ್ಯಾಡ್ ಸುತ್ತುತ್ತಿದೆಯೋ ಇಲ್ಲವೋ ಎಂಬುದು ಕೂಡಲೇ ತಿಳಿಯುತ್ತದೆ. ಗೆರೆ ನಿಂತರೆ ಒತ್ತಡ ಹೆಚ್ಚಾಗಿದೆ, ಅಥವಾ ಪ್ಯಾಡ್ ಓರೆಯಾಗಿದೆ ಎಂದು ಅರ್ಥ. ಮೊದಲ ಅಭ್ಯಾಸಕ್ಕೆ ಸ್ವಂತ ಕಾರೂ ಬೇಡ. ಗುಜರಿ ಅಂಗಡಿಯಲ್ಲಿ ಸಿಗುವ ಹಳೆಯ ಬಾನೆಟ್ ಒಂದನ್ನು ತಂದು ಅದರ ಮೇಲೆ ಕೈ ಪಳಗಿಸಿಕೊಳ್ಳುವುದು ಲೇಸು.

ಕರಾವಳಿಯ ಕಾರಿಗೆ ಪಾಲಿಶ್‌ಗಿಂತ ಮುಂಚಿನ ತಯಾರಿಯೇ ಹೆಚ್ಚು ಹೊತ್ತು ಬೇಡುತ್ತದೆ. ಮೊದಲು ಮೈ ಮುಟ್ಟದೆ ನೀರು ಹೊಡೆದು ಉಪ್ಪು ಮತ್ತು ಮರಳನ್ನು ಇಳಿಸಬೇಕು, ಆಮೇಲೆ ಶಾಂಪೂ ಹಾಕಿ ತೊಳೆಯಬೇಕು. ಒಣಗಿದ ಮೇಲೆ ತೆಳುವಾದ ಪ್ಲಾಸ್ಟಿಕ್ ಚೀಲದೊಳಗೆ ಕೈ ತೂರಿಸಿ ಬಾನೆಟ್ ಮೇಲೆ ಮೆಲ್ಲನೆ ಸವರಿದರೆ, ಬರಿಗೈಗೆ ನುಣುಪಾಗಿ ತೋರಿದ್ದ ಜಾಗದಲ್ಲೂ ರವೆಯಂಥ ತರಿತರಿ ಬೆರಳಿಗೆ ತಾಕುತ್ತದೆ. ಬ್ರೇಕಿನಿಂದ ಸವೆದು ಹಾರಿದ ಕಬ್ಬಿಣದ ಕಣ, ಬಣ್ಣದೊಳಗೆ ಕಚ್ಚಿಕೊಂಡ ಕಾರ್ಖಾನೆಯ ಧೂಳು, ಮರದಿಂದ ಸುರಿದ ಸೊನೆ, ಎಲ್ಲವೂ ಅದರಲ್ಲಿರುತ್ತವೆ. ಬೈಕಂಪಾಡಿಯ ಕೈಗಾರಿಕಾ ಪ್ರದೇಶದಲ್ಲಿ ಅಥವಾ ರೈಲುಹಳಿಯ ಪಕ್ಕದಲ್ಲಿ ದಿನವಿಡೀ ನಿಲ್ಲುವ ಬಿಳಿ ಕಾರಿನ ಮೇಲೆ ಕಂದು ಚುಕ್ಕಿಗಳಾಗಿ ಕಾಣುವುದೂ ಹೀಗೆ ಕಚ್ಚಿಕೊಂಡು ತುಕ್ಕು ಹಿಡಿದ ಕಬ್ಬಿಣದ ಕಣಗಳೇ. ಇವಕ್ಕೆ ಐರನ್ ರಿಮೂವರ್ ಸಿಂಪಡಿಸಬೇಕು. ಅದರಲ್ಲಿರುವ ಥಯೋಗ್ಲೈಕೋಲೇಟ್ ಎಂಬ ರಾಸಾಯನಿಕ ಕಬ್ಬಿಣದೊಂದಿಗೆ ಸೇರಿ ನೇರಳೆ ಬಣ್ಣವಾಗಿ ಇಳಿಯುತ್ತದೆ. ಬಿಸಿಲಿನಲ್ಲಿ ಇದನ್ನು ಬಳಸಬಾರದು, ಒಣಗಲು ಬಿಡಬಾರದು, ಕೈಗವಸು ಇಲ್ಲದೆ ಮುಟ್ಟಬಾರದು. ಉಳಿದ ತರಿಯನ್ನು, ಜಾರಿಕೆಗೆ ಲೂಬ್ರಿಕಂಟ್ ಸಿಂಪಡಿಸಿ, ಜೇಡಿಯಂಥ ಮೆದು ಮುದ್ದೆಯಾದ ಕ್ಲೇ ಬಾರ್‌ನಿಂದ ತೆಗೆಯಬೇಕು. ಕ್ಲೇ ನೆಲಕ್ಕೆ ಬಿದ್ದರೆ, ಎಷ್ಟೇ ಬೆಲೆಯದ್ದಾದರೂ ಎಸೆದುಬಿಡಿ, ಅದರೊಳಗೆ ಸೇರಿದ ಮಣ್ಣಿನ ಕಣ ಇಡೀ ಬಾಗಿಲಿನ ಮೇಲೆ ಗೀರು ಎಳೆಯುತ್ತದೆ. ಇಷ್ಟಾದ ಮೇಲೆ ಕನ್ನಡಿ, ಹಿಡಿಕೆ, ಲಾಂಛನಗಳ ಸಂದಿಯಲ್ಲಿ ನಿಂತ ನೀರನ್ನು ಬ್ಲೋವರ್‌ನಿಂದ ಹೊರಹಾಕಿ, ಕಪ್ಪು ಪ್ಲಾಸ್ಟಿಕ್ ಮತ್ತು ರಬ್ಬರ್ ಪಟ್ಟಿಗಳಿಗೆ ಮಾಸ್ಕಿಂಗ್ ಟೇಪ್ ಹಚ್ಚಬೇಕು.

ಪೇಂಟ್ ದಪ್ಪ ಅಳೆಯುವ ಗೇಜ್ ಇದ್ದರೆ ಪ್ರತಿ ಭಾಗದ ಅಳತೆಯನ್ನೂ ಬರೆದಿಟ್ಟುಕೊಳ್ಳಿ. ಗೇಜ್ ತೋರಿಸುವುದು ಎಲ್ಲ ಪದರಗಳ ಒಟ್ಟು ದಪ್ಪವನ್ನು, ಕ್ಲಿಯರ್ ಕೋಟನ್ನು ಮಾತ್ರ ಅಲ್ಲ ಎಂಬುದು ನೆನಪಿರಲಿ. ಸಾಮಾನ್ಯ ಗೇಜ್ ಪ್ಲಾಸ್ಟಿಕ್ ಬಂಪರ್ ಮೇಲೆ ಕೆಲಸವನ್ನೂ ಮಾಡುವುದಿಲ್ಲ. ಒಂದು ಬಾಗಿಲು 110 ತೋರಿಸಿ ಪಕ್ಕದ್ದು 250 ತೋರಿಸಿದರೆ ಅದಕ್ಕೆ ಮತ್ತೆ ಬಣ್ಣ ಹೊಡೆಸಲಾಗಿದೆ ಎಂದು ತಿಳಿಯಬಹುದು. ದಪ್ಪ ಹೆಚ್ಚಿದೆಯೆಂದು ಧೈರ್ಯ ಮಾಡಬೇಡಿ. ಆ ದಪ್ಪದಲ್ಲಿ ತಗ್ಗು ತುಂಬಲು ಮೆತ್ತಿದ ಪುಟ್ಟಿಯ ಪಾಲು ಎಷ್ಟು, ಕ್ಲಿಯರ್‌ನ ಪಾಲು ಎಷ್ಟು ಎಂದು ಗೇಜ್ ಹೇಳುವುದಿಲ್ಲ.

ಇಡೀ ಕೆಲಸದ ಮರ್ಮ ಇರುವುದು ಟೆಸ್ಟ್ ಸ್ಪಾಟ್‌ನಲ್ಲಿ. ಬಾನೆಟ್ ಮೇಲೆ ಸುಮಾರು ಒಂದೂವರೆ ಅಡಿ ಚೌಕವನ್ನು ಟೇಪಿನಿಂದ ಗುರುತು ಮಾಡಿ, ಮೊದಲು ಮೆದು ಫೋಮ್ ಪ್ಯಾಡ್ ಮತ್ತು ಅತಿ ನಯವಾದ ಪಾಲಿಶ್ ಬಳಸಬೇಕು. ಹೊಸ ಪ್ಯಾಡಿಗೆ ಪಾಲಿಶನ್ನು ತೆಳುವಾಗಿ ಸವರಿಕೊಂಡು, ಆಮೇಲೆ ಬಟಾಣಿ ಗಾತ್ರದ ನಾಲ್ಕು ಹನಿ ಹಾಕಿದರೆ ಸಾಕು. ಕಡಿಮೆ ವೇಗದಲ್ಲಿ ಹರಡಿ, ಆರು ಹಂತಗಳ ಯಂತ್ರವಾದರೆ ವೇಗವನ್ನು ನಾಲ್ಕು ಅಥವಾ ಐದಕ್ಕೆ ಏರಿಸಿ, ಯಂತ್ರದ ತೂಕಕ್ಕೆ ತುಸು ಕೈಭಾರ ಸೇರಿಸಿ, ಸೆಕೆಂಡಿಗೆ ಎರಡು ಮೂರು ಸೆಂಟಿಮೀಟರಿನಷ್ಟು ನಿಧಾನವಾಗಿ ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ, ಪ್ರತಿ ಸಾಲೂ ಹಿಂದಿನ ಸಾಲಿನ ಅರ್ಧವನ್ನು ಆವರಿಸುವಂತೆ ಸಾಗಬೇಕು. ನಾಲ್ಕರಿಂದ ಆರು ಸುತ್ತು ಮುಗಿದ ಮೇಲೆ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ, ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲನ್ನು ಸಿಂಪಡಿಸಿ ಎಣ್ಣೆಯಂಶವನ್ನು ತೆಗೆದು, ಟಾರ್ಚ್ ಹಿಡಿದು ನೋಡಬೇಕು. ಗೀರು ಹೋಗಿದ್ದರೆ ಇಡೀ ಕಾರಿಗೆ ಅಷ್ಟೇ ಸಾಕು. ಹೋಗದಿದ್ದರೆ ಮೊದಲು ಪ್ಯಾಡನ್ನು ಮಾತ್ರ ಒಂದು ಹಂತ ಗಟ್ಟಿಯಾದದ್ದಕ್ಕೆ ಬದಲಿಸಿ ನೋಡಿ, ಅದೂ ಸಾಲದಿದ್ದರೆ ಮಾತ್ರ ಪಾಲಿಶ್‌ಗಿಂತ ಹೆಚ್ಚು ಕೊರೆಯುವ ಕಾಂಪೌಂಡಿಗೆ ಹೋಗಿ. ಒಂದೇ ಕಾಂಪೌಂಡು ಒಂದು ಕಾರಿನ ಮೆದು ಬಣ್ಣದ ಮೇಲೆ ಮಂಜು ಕವಿದಂತೆ ಮಾಡಿ, ಮತ್ತೊಂದು ಕಾರಿನ ಗಟ್ಟಿ ಬಣ್ಣಕ್ಕೆ ಏನೂ ಮಾಡದೆ ಹೋಗುವುದನ್ನು ಕಸುಬಿನಲ್ಲಿರುವ ಎಲ್ಲರೂ ಕಂಡಿದ್ದಾರೆ. ಕಂಪನಿಯ ಹೆಸರು ನೋಡಿ ಗಡಸುತನ ಊಹಿಸುವುದಕ್ಕಿಂತ ಈ ಚೌಕದ ಮಾತನ್ನು ಕೇಳುವುದೇ ಸರಿ.

ಆಲ್ಕೋಹಾಲ್ ಹಾಕಿ ಒರೆಸುವ ಹಂತವನ್ನು ಬಿಟ್ಟುಬಿಡುವವರು ಬಹಳ ಮಂದಿ. ವಾಟರ್ ವಾಶ್ ಕೇಂದ್ರಗಳಲ್ಲಿ ಅರ್ಧ ಗಂಟೆಯಲ್ಲಿ ಮುಗಿಸಿಕೊಡುವ ರಬ್ಬಿಂಗ್ ಪಾಲಿಶ್‌ನಲ್ಲಿ ಎಷ್ಟೋ ಸಲ ಗೀರು ಹೋಗಿರುವುದಿಲ್ಲ, ಎಣ್ಣೆ ಮತ್ತು ಫಿಲ್ಲರ್ ಅದರೊಳಗೆ ತುಂಬಿಕೊಂಡಿರುತ್ತವೆ. ಆಷಾಢದ ನಾಲ್ಕು ಮಳೆ ಬಿದ್ದ ಮೇಲೆ ಎಲ್ಲವೂ ಹಿಂದಿನಂತೆಯೇ ಕಾಣತೊಡಗುತ್ತದೆ. ಗ್ರಾಹಕರ ಹಣಕ್ಕೂ ನಂಬಿಕೆಗೂ ಆಗುವ ಈ ನಷ್ಟ ನನಗೆ ತುಂಬ ಬೇಸರದ ವಿಷಯ.

ಬಾಗಿಲಿನ ಅಂಚು, ಬಾನೆಟ್ಟಿನ ಏಣು, ಚಕ್ರದ ಕಮಾನಿನ ಮೇಲಿನ ಗೆರೆ, ಇಲ್ಲೆಲ್ಲ ಕ್ಲಿಯರ್ ಕೋಟ್ ಸಹಜವಾಗಿಯೇ ತೆಳು. ಅಲ್ಲಿಗೆ ಟೇಪ್ ಹಚ್ಚಿ, ಕೊನೆಗೆ ಟೇಪ್ ತೆಗೆದು ಕೈಯಿಂದಲೇ ಉಜ್ಜಿದರೆ ಸಾಕು. ಉಗುರಿಗೆ ತಡೆಯುವಷ್ಟು ಆಳವಾದ ಗೀರನ್ನು ಪೂರ್ತಿ ತೆಗೆಯುವ ಹಟ ಬೇಡ. ಅದರ ಅಂಚು ಮೃದುವಾದರೆ ದೂರಕ್ಕೆ ಕಾಣುವುದಿಲ್ಲ. ಪ್ಯಾಡಿನ ಮೇಲೆ ಕಾರಿನ ಬಣ್ಣವೇ ಬಂದರೆ ಕೂಡಲೇ ನಿಲ್ಲಿಸಿ. ಕ್ಲಿಯರ್ ಕೋಟ್ ಇಲ್ಲದ ಹಳೆಯ ಒಂದೇ ಪದರದ ಬಣ್ಣದಲ್ಲಿ ಅದು ಸಹಜ, ಇತರ ಕಾರುಗಳಲ್ಲಿ ಕ್ಲಿಯರ್ ಕೋಟ್ ಮುಗಿದುಹೋಗಿದೆ ಎಂದೇ ಅರ್ಥ.

ನಮ್ಮಲ್ಲಿ ಈ ಕೆಲಸಕ್ಕೆ ದಸರಾ ಕಳೆದ ನಂತರದ ತಿಂಗಳುಗಳು ಅನುಕೂಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ತೇವಾಂಶದಲ್ಲಿ ಪಾಲಿಶ್ ಬೇಗ ಆರುವುದಿಲ್ಲ, ಅದು ಅಷ್ಟೇನೂ ತೊಂದರೆಯಲ್ಲ. ಆದರೆ ಅದರ ಮೇಲೆ ರಕ್ಷಣೆಗೆ ಹಚ್ಚುವ ಸೆರಾಮಿಕ್ ಕೋಟಿಂಗ್ ಗಟ್ಟಿಯಾಗುವ ತನಕ ಕಾರಿಗೆ ನೀರು ಸೋಕದಂತೆ ಕಾಯಲು ಮುಚ್ಚಿದ ಗ್ಯಾರೇಜ್ ಬೇಕಾಗುತ್ತದೆ. ಗ್ಯಾರೇಜ್ ಇಲ್ಲದವರು ಮಳೆಗಾಲದಲ್ಲಿ ಸೀಲೆಂಟ್ ಅಥವಾ ವ್ಯಾಕ್ಸ್ ಹಚ್ಚಿ, ಕೋಟಿಂಗನ್ನು ನವೆಂಬರಿಗೆ ಇಟ್ಟುಕೊಳ್ಳಬಹುದು. ಕೋಟಿಂಗ್ ಹಚ್ಚಿದ ಮೇಲೂ ಮರಳು ಗೀರು ಎಳೆಯುತ್ತದೆ, ಹಾಗಾಗಿ ಎರಡು ಬಕೆಟ್ ಇಟ್ಟುಕೊಂಡು, ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಮಿಟ್ (ತೊಳೆಯಲು ಕೈಗೆ ಹಾಕಿಕೊಳ್ಳುವ ಮೆದು ಗವಸು) ಜಾಲಿಸಲು ಬರೀ ನೀರು, ಮೇಲಿನಿಂದ ಕೆಳಕ್ಕೆ ತೊಳೆಯುವುದನ್ನು ಮನೆಯಲ್ಲಿ ಕಾರು ತೊಳೆಯುವವರಿಗೆಲ್ಲ ಕಲಿಸಬೇಕು. ಬೈರಾಸು ಅಡುಗೆಮನೆಗೆ ಹೋಗಲಿ.

ಪ್ಯಾಡ್‌ಗಳ ಬಗ್ಗೆ ಒಂದು ಮಾತು ಉಳಿದಿದೆ. ಒಂದೊಂದು ಚೌಕ ಮುಗಿದಾಗಲೂ ಅವನ್ನು ಬ್ರಷ್‌ನಿಂದ ಉಜ್ಜಿ ಸ್ವಚ್ಛ ಮಾಡಬೇಕು, ಒಂದು ಕಾರಿಗೆ ನಾಲ್ಕೈದಾದರೂ ಪ್ಯಾಡ್ ಇರಬೇಕು. ಕೆಲಸ ಮುಗಿದ ಮೇಲೆ ತೊಳೆದು, ಹಿಂಡಿ, ಫ್ಯಾನಿನ ಅಡಿಯಲ್ಲಿ ಒಣಗಿಸಿ. ನಮ್ಮ ಮಳೆಗಾಲದಲ್ಲಿ ಒದ್ದೆ ಪ್ಯಾಡನ್ನು ಡಬ್ಬಿಯಲ್ಲಿ ಮುಚ್ಚಿಟ್ಟರೆ ಬೂಸ್ಟು ಹಿಡಿಯುತ್ತದೆ, ಮತ್ತು ಬೂಸ್ಟು ಹಿಡಿದ ಫೋಮ್ ಯಂತ್ರಕ್ಕೆ ಹಾಕಿದಾಗ ಹರಿದು ಪುಡಿಯಾಗುತ್ತದೆ. ಪಾಲಿಶ್ ಮತ್ತು ಕಾಂಪೌಂಡಿಗೆ ಬಳಸಿದ ಪ್ಯಾಡ್‌ಗಳನ್ನು ಬೇರೆ ಬೇರೆ ಚೀಲಗಳಲ್ಲಿ, ಹೆಸರು ಬರೆದು ಇಡಿ.