ಮಳೆ ಆಗುಂಬೇಲಿ, ಹೊಳೆ ಶಿವಮೊಗ್ಗದಲ್ಲಿ

ಜುಲೈ ತಿಂಗಳಲ್ಲಿ ಶಿವಮೊಗ್ಗ ಪೇಟೆಗೆ ಬಂದವರಿಗೆ ಒಂದು ವಿಷಯ ಅರ್ಥವೇ ಆಗಲ್ಲ. ಗಾಂಧಿ ಬಜಾರಲ್ಲಿ ರಸ್ತೆ ಸರಿಯಾಗಿ ನೆಂದಿರಲ್ಲ, ಆಗೊಮ್ಮೆ ಈಗೊಮ್ಮೆ ಜಿಟಿಜಿಟಿ ಹನಿ ಅಷ್ಟೆ, ಆದ್ರೆ ಕೋರ್ಪಲಯ್ಯನ ಛತ್ರದ ಹತ್ರ ಹೋದ್ರೆ ಜನ ಸಾಲಾಗಿ ನಿಂತು ತುಂಗೆ ನೋಡ್ತಿರ್ತಾರೆ, ಹೊಳೆ ಮಧ್ಯದ ಕಲ್ಲಿನ ಮಂಟಪ ಮುಳುಗ್ತಾ ಇರುತ್ತೆ. ಮಳೆನೇ ಇಲ್ಲ, ಇಷ್ಟು ನೀರು ಎಲ್ಲಿಂದ? ಶೃಂಗೇರಿ, ಕಿಗ್ಗ, ಆಗುಂಬೆ, ತೀರ್ಥಹಳ್ಳಿ ಕಡೆಯಿಂದ. ನಮ್ಮೂರಿನ ಮಳೆಗಾಲನ ನಮ್ಮೂರಿನ ಆಕಾಶ ನೋಡಿ ತಿಳ್ಕೊಳ್ಳೋಕಾಗಲ್ಲ, ಪಶ್ಚಿಮಕ್ಕೆ ನೋಡಬೇಕು.

ಶಿವಮೊಗ್ಗದಿಂದ ತೀರ್ಥಹಳ್ಳಿ ಸುಮಾರು 60 ಕಿ.ಮೀ., ಅಲ್ಲಿಂದ ಆಗುಂಬೆ ಇನ್ನೊಂದು 30 ಚಿಲ್ಲರೆ. ಪೇಟೇಲಿ ವರ್ಷಕ್ಕೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತೆ, ತೀರ್ಥಹಳ್ಳೀಲಿ ಎರಡೂವರೆ ಸಾವಿರ ದಾಟುತ್ತೆ, ಆಗುಂಬೇಲಿ ಏಳು ಸಾವಿರದ ಮೇಲೆ. ಬಸ್ಸಲ್ಲಿ ಎರಡು ಮೂರು ಗಂಟೆ ದಾರಿ, ಮಳೆ ಏಳು ಪಟ್ಟು! ಸಕ್ರೆಬೈಲು ಹತ್ರ ತೇಗ, ಬಿದಿರು ಇರೋ ಎಲೆ ಉದುರೋ ಕಾಡು, ತೀರ್ಥಹಳ್ಳಿ ದಾಟಿದ್ಮೇಲೆ ವರ್ಷಪೂರ್ತಿ ಹಸಿರಾಗಿರೋ ದಟ್ಟ ಕಾಡು, ಈ ಕಡೆ ಪೂರ್ವಕ್ಕೆ ಹೊನ್ನಾಳಿ ರಸ್ತೆ ಹಿಡಿದ್ರೆ ಮೆಕ್ಕೆಜೋಳದ ಹೊಲ. ಮಳೆ ಲೆಕ್ಕ ಬರೆದಿಟ್ಟಿರೋ ಪುಸ್ತಕ ಬೇಡ, ಬಸ್ಸಿನ ಕಿಟಕೀಲಿ ಕೂತು ಮರ ನೋಡಿದ್ರೆ ಸಾಕು.

ಯಾಕೆ ಹೀಗೆ ಅಂದ್ರೆ ಘಟ್ಟ. ಜೂನ್ ಹೊತ್ತಿಗೆ ಆಫ್ರಿಕಾದ ಪೂರ್ವ ತೀರದಿಂದ ಒಂದು ಜೋರು ಗಾಳಿ ಅರಬ್ಬೀ ಸಮುದ್ರ ದಾಟಿ ನಮ್ಮ ಕಡೆ ಬರುತ್ತೆ, ಬರ್ತಾ ಬರ್ತಾ ಸಮುದ್ರದ ನೀರಾವಿ ತುಂಬ್ಕೊಳ್ಳುತ್ತೆ. ಆಗುಂಬೆಯಿಂದ ನೇರ ಗೆರೆ ಎಳೆದ್ರೆ ಸಮುದ್ರ 50 ಕಿ.ಮೀ. ಕೂಡ ಇಲ್ಲ, ಮಧ್ಯದಲ್ಲಿ ಕರಾವಳಿಯ ತಗ್ಗು ನೆಲ, ಆಮೇಲೆ ಇದ್ದಕ್ಕಿದ್ದ ಹಾಗೆ ಗೋಡೆ ತರ ಆರುನೂರು ಮೀಟರ್ ಮೇಲೆ. ಗಾಳಿಗೆ ಬೇರೆ ದಾರಿ ಇಲ್ಲ, ಹತ್ತಲೇಬೇಕು. ಮೇಲೆ ಹೋದಂಗೆ ಒತ್ತಡ ಕಮ್ಮಿ, ಗಾಳಿ ಹಿಗ್ಗುತ್ತೆ, ಹಿಗ್ಗಿದಾಗ ತಣ್ಣಗಾಗುತ್ತೆ, ಮೋಡ ಕಟ್ಟೋವರೆಗೆ ಕಿ.ಮೀ.ಗೆ ಸುಮಾರು 10 ಡಿಗ್ರಿ ಲೆಕ್ಕದಲ್ಲಿ, ಕಟ್ಟಿದ್ಮೇಲೆ ಇನ್ನೂ ನಿಧಾನವಾಗಿ. 28 ಡಿಗ್ರಿ ಇರೋ ಒಂದು ಘನ ಮೀಟರ್ ಗಾಳಿ ಹೆಚ್ಚಂದ್ರೆ 27 ಗ್ರಾಂ ನೀರಾವಿ ಹಿಡ್ಕೊಳ್ಳುತ್ತೆ, ಅದೇ 20 ಡಿಗ್ರಿಗೆ ಇಳಿದ್ರೆ 17 ಗ್ರಾಂ ಅಷ್ಟೆ. ಉಳಿದ ಹತ್ತು ಗ್ರಾಂ ಹನಿ ಆಗಲೇಬೇಕು. ಹತ್ತು ಗ್ರಾಂ ಅಂದ್ರೆ ಎರಡು ಚಮಚ ನೀರು, ಆದ್ರೆ ಆ ಗಾಳಿ ಹಗಲು ರಾತ್ರಿ ತಿಂಗಳುಗಟ್ಟಲೆ ಬರ್ತಾನೇ ಇರುತ್ತಲ್ಲ, ಅದಕ್ಕೇ ಏಳು ಸಾವಿರ.

ಘಟ್ಟದ ಅಂಚು ದಾಟಿದ್ಮೇಲೆ ಗಾಳಿಯನ್ನ ಮೇಲೆ ತಳ್ಳೋದು ಏನೂ ಇಲ್ಲ, ನೀರೂ ಒಂದಷ್ಟು ಖಾಲಿ. ಕೆಳಗಿಳೀತಾ ಬಿಸಿಯಾಗುತ್ತೆ, ಮೋಡ ಕರಗುತ್ತೆ. ಶಿವಮೊಗ್ಗ ಸಮುದ್ರ ಮಟ್ಟದಿಂದ ಸುಮಾರು 570 ಮೀಟರ್ ಎತ್ತರ, ಅಂದ್ರೆ ಆಗುಂಬೆಗಿಂತ ತುಂಬಾ ಏನೂ ಕೆಳಗಿಲ್ಲ. ಎತ್ತರ ಇದ್ರೆ ಮಳೆ ಜಾಸ್ತಿ ಅಂದ್ಕೊಳ್ಳೋರು ಇದನ್ನ ಗಮನಿಸಬೇಕು, ಎಷ್ಟು ಎತ್ತರ ಅನ್ನೋದಕ್ಕಿಂತ ಗಾಳಿಗೆ ಮುಖ ಕೊಟ್ಟಿದೀಯೋ ಬೆನ್ನು ಕೊಟ್ಟಿದೀಯೋ ಅನ್ನೋದೇ ಮುಖ್ಯ.

ಇನ್ನು ಹೊಳೆ ಯಾಕೆ ಇಷ್ಟು ಬೇಗ ಏರುತ್ತೆ ಅಂದ್ರೆ ಶಿವಮೊಗ್ಗಕ್ಕಿಂತ ಮೇಲೆ ತುಂಗೆಗೆ ಕಟ್ಟಿರೋ ಗಾಜನೂರು ಡ್ಯಾಮ್ ಚಿಕ್ಕದು, ಮೂರು ಚಿಲ್ಲರೆ ಟಿಎಂಸಿ. ಪಕ್ಕದ ಭದ್ರಾ ಡ್ಯಾಮ್ 71 ಟಿಎಂಸಿ ದಾಟುತ್ತೆ, ಅದು ತುಂಬೋಕೆ ಆಗಸ್ಟ್‌ವರೆಗೆ ಕಾಯಬೇಕಾಗುತ್ತೆ, ಕೆಲವು ವರ್ಷ ತುಂಬೋದೇ ಇಲ್ಲ. ಗಾಜನೂರು ಮಾತ್ರ ಮಳೆಗಾಲದ ಶುರುವಲ್ಲೇ ತುಂಬಿಬಿಡುತ್ತೆ, ಆಮೇಲೆ ಮೇಲಿಂದ ಎಷ್ಟು ಬಂತೋ ಅಷ್ಟನ್ನೂ ಗೇಟ್ ಎತ್ತಿ ಬಿಡಬೇಕು. 2019ರ ಆಗಸ್ಟಲ್ಲಿ ತುಂಗೆ ಹೊಳೆಪಕ್ಕದ ಬಡಾವಣೆಗಳ ಮನೆಯೊಳಗೇ ನುಗ್ಗಿತ್ತು. ಆಗ ನಡೀತಾ ಇದ್ದಿದ್ದು ಆಶ್ಲೇಷ ಮಳೆ. ಆಶ್ಲೇಷ ಮಳೆ ಈಸಲಾರದ ಹೊಳೆ ಅಂತ ಹಿರೀಕರು ಸುಮ್ನೆ ಹೇಳಿಲ್ಲ.

ಈ ಮಳೆ ನಕ್ಷತ್ರಗಳ ಬಗ್ಗೆ ನನಗೆ ತುಂಬಾ ಗೌರವ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರ್ತಾನೆ, ಹಂಗಾಗಿ ಇದು ಹೆಚ್ಚುಕಮ್ಮಿ ಎರಡು ವಾರಕ್ಕೊಂದು ಮನೆ ಮಾಡಿ ವರ್ಷನ ಹಂಚಿಟ್ಟ ಹವಾಮಾನ ಕ್ಯಾಲೆಂಡರ್. ಏಪ್ರಿಲ್ ಕೊನೆಗೆ ಭರಣಿ, ಮೇ ಕೊನೆಗೆ ರೋಹಿಣಿ, ಜೂನ್ 8ರ ಹೊತ್ತಿಗೆ ಮೃಗಶಿರ, ಆಮೇಲೆ ಆರಿದ್ರಾ, ಪುನರ್ವಸು, ಪುಷ್ಯ, ಆಗಸ್ಟ್ ಮೊದಲಲ್ಲಿ ಆಶ್ಲೇಷ. ಒಂದೇ ತೊಂದರೆ, ಇದು ನಕ್ಷತ್ರಗಳನ್ನ ನೋಡಿ ಮಾಡಿದ ಲೆಕ್ಕ, ಆದ್ರೆ ಋತು ನಡೆಯೋದು ಭೂಮಿಯ ಅಕ್ಷ ಸೂರ್ಯನ ಕಡೆ ಎಷ್ಟು ವಾಲಿದೆ ಅನ್ನೋದರ ಮೇಲೆ. ಆ ಅಕ್ಷ ನಿಧಾನಕ್ಕೆ ತಿರುಗ್ತಾ ಇರೋದ್ರಿಂದ ನಕ್ಷತ್ರದ ಲೆಕ್ಕದ ವರ್ಷಕ್ಕೂ ಋತುವಿನ ಲೆಕ್ಕದ ವರ್ಷಕ್ಕೂ ಸುಮಾರು 20 ನಿಮಿಷ ವ್ಯತ್ಯಾಸ ಬರುತ್ತೆ, 72 ವರ್ಷಕ್ಕೆ ಒಂದು ದಿನ. ಸಾವಿರ ವರ್ಷಕ್ಕೆ ಸುಮಾರು ಹದಿನಾಲ್ಕು ದಿನ, ಅಂದ್ರೆ ಒಂದು ಇಡೀ ನಕ್ಷತ್ರದಷ್ಟು ಜಾರುತ್ತೆ. ಈಗಿನ ಗಾದೆಗಳು ನೂರು ಇನ್ನೂರು ವರ್ಷದ ಹಿಂದಿನವಾದ್ರೆ ಒಂದರಿಂದ ಮೂರು ದಿನದ ತಪ್ಪು, ಅದೇನೂ ಲೆಕ್ಕಕ್ಕಿಲ್ಲ.

ಬೇಸಿಗೆಗೆ ಬರೋಣ. ಮಾರ್ಚ್‌ನಿಂದ ಸೆಕೆ ಶುರು, ಏಪ್ರಿಲ್‌ನಲ್ಲಿ 36-37 ಡಿಗ್ರಿ ಮಾಮೂಲು. ಏಪ್ರಿಲ್ 27ರ ಹೊತ್ತಿಗೆ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲೆ, ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರಲ್ಲ. ಇದೇ ಸೂರ್ಯ ಆಗಸ್ಟ್ 15-16ರ ಸುಮಾರಿಗೆ ಇನ್ನೊಂದು ಸಲ ನೆತ್ತಿ ಮೇಲೆ ಬರ್ತಾನೆ, ಯಾರಿಗೂ ಗೊತ್ತೇ ಆಗಲ್ಲ, ಮೋಡದ ಮೇಲ್ಭಾಗ ಆ ಬಿಸಿಲನ್ನೆಲ್ಲ ವಾಪಸ್ ಕಳಿಸಿರುತ್ತೆ, ಕೆಳಗೆ ನಾವು 27 ಡಿಗ್ರೀಲಿ ಸ್ವೆಟರ್ ಹಾಕ್ಕೊಂಡು ಕೂತಿರ್ತೀವಿ.

ಏಪ್ರಿಲ್ ಮೇ ತಿಂಗಳ ಮಳೆಗೂ ಜುಲೈ ಮಳೆಗೂ ಸಂಬಂಧವೇ ಇಲ್ಲ. ಬೇಸಿಗೆ ಮಳೆ ನೆಲ ಕಾದು ಹುಟ್ಟೋದು, ಮಧ್ಯಾಹ್ನ ಮೂರರ ಮೇಲೆ ಮೋಡ ಹತ್ತು ಹನ್ನೆರಡು ಕಿ.ಮೀ. ಎತ್ತರಕ್ಕೆ ಏರಿ ಒಳಗೆ ಮಂಜುಗಡ್ಡೆ ಕಟ್ಟುತ್ತೆ, ಮಂಜಿನ ಚೂರುಗಳು ಒಂದಕ್ಕೊಂದು ತಿಕ್ಕಾಡಿ ಗುಡುಗು, ಮಿಂಚು, ಕೆಲವು ಸಲ ಆಲಿಕಲ್ಲು. ಜುಲೈನಲ್ಲಿ ಘಟ್ಟದ ಮೇಲಿನ ಮೋಡ ಹೆಚ್ಚಾಗಿ ಕುಳ್ಳು, ಮಂಜುಗಡ್ಡೆ ಕಟ್ಟೋ ಎತ್ತರಕ್ಕೆ ಹೋಗೋದೇ ಕಮ್ಮಿ, ಸಣ್ಣ ಹನಿ ದೊಡ್ಡ ಹನಿಗೆ ಸೇರಿ ಸೇರಿ ಬೀಳುತ್ತೆ. ಅದಕ್ಕೇ ವಾರಗಟ್ಟಲೆ ಜಡಿಮಳೆ ಹೊಡೆದ್ರೂ ಸಿಡಿಲು ಅಪರೂಪ.

ಜಡಿಮಳೆ ನಡುವೆ ಹೊಳವು ಆಗುತ್ತಲ್ಲ, ಅಂದ್ರೆ ಮಳೆ ಸ್ವಲ್ಪ ದಿನ ಬಿಡುವು ಕೊಡುತ್ತಲ್ಲ, ಅದನ್ನ ಅಡಿಕೆ ಬೆಳೆಗಾರರು ದೇವರ ಹಾಗೆ ಕಾಯ್ತಾರೆ. ಬಂಗಾಳಕೊಲ್ಲೀಲಿ ವಾಯುಭಾರ ಕುಸಿದ್ರೆ ಅದು ಅರಬ್ಬೀ ಕಡೆಯ ಗಾಳಿಯನ್ನ ಎಳ್ಕೊಳ್ಳುತ್ತೆ, ಘಟ್ಟದಲ್ಲಿ ಮಳೆ ಜೋರಾಗುತ್ತೆ. ಮುಂಗಾರಿನ ಮುಖ್ಯ ಪಟ್ಟಿ ಉತ್ತರಕ್ಕೆ ಹಿಮಾಲಯದ ಬುಡಕ್ಕೆ ಸರಿದ್ರೆ ನಮ್ಮಲ್ಲಿ ಹೊಳವು. ಆ ಹೊಳವಲ್ಲೇ ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ಔಷಧಿನ ಅಡಿಕೆ ಗೊನೆಗೆ ಹೊಡೀಬೇಕು. ಕೊಳೆರೋಗದ ಬೀಜಾಣು ಕಾಯಿ ಮೇಲಿನ ನೀರಿನ ಪದರದಲ್ಲಿ ಈಜಿ ಹೋಗೋ ಜಾತಿ, ಮಳೆ ಬಿಡದೇ ಹೊಡೆದ್ರೆ ಅದಕ್ಕೆ ಹಬ್ಬ, ಹೊಡೆದ ಔಷಧಿ ಒಣಗೋಕೂ ಪುರಸೊತ್ತು ಸಿಗಲ್ಲ. ಒಂದು ಹೊಳವು ತಪ್ಪಿದ್ರೆ ಆ ವರ್ಷದ ಕಾಯೆಲ್ಲ ಮರದ ಬುಡದಲ್ಲಿ.

ಅಕ್ಟೋಬರ್, ನವೆಂಬರ್ ಚಳಿಗಾಲದ ಬಾಗಿಲು, ಆಕಾಶ ತಿಳಿಯಾಗಿ ನೆಲದ ಶಾಖ ರಾತ್ರಿ ಸೀದಾ ಮೇಲೆ ಹೋಗಿಬಿಡುತ್ತೆ, ಬೆಳಗ್ಗೆ ಕಣಿವೆ ತುಂಬ ಕಾವಳ, ಅಂದ್ರೆ ದಟ್ಟ ಮಂಜು. ಡಿಸೆಂಬರ್, ಜನವರಿ ರಾತ್ರಿ ಪೇಟೇಲಿ 15-16 ಡಿಗ್ರಿ. ಹಿತವಾದ ಕಾಲ ಅಂತಾರೆ, ಆದ್ರೆ ಕಾಡಂಚಿನ ಊರವರಿಗೆ ಇದು ಭಯದ ಕಾಲನೂ ಹೌದು, ಒಣ ತರಗೆಲೆಯಲ್ಲಿ ಸಣ್ಣ ಉಣುಗು ಹೆಚ್ಚಾಗೋದೇ ಆಗ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಪತ್ತೆಯಾದ, ಈ ಉಣುಗು ಕಚ್ಚಿ ಹರಡೋ ಮಂಗನ ಕಾಯಿಲೆ ಡಿಸೆಂಬರ್‌ನಿಂದ ಮೇ ಒಳಗೇ ಜಾಸ್ತಿ, ಮಳೆ ಹಿಡಿದ ಮೇಲೆ ಇಳಿಯುತ್ತೆ.

ಇಷ್ಟೆಲ್ಲ ಹೇಳಿದ್ದು ಯಾಕಂದ್ರೆ, ಪೇಪರಲ್ಲಿ ಜಿಲ್ಲೆಯ ಸರಾಸರಿ ಮಳೆ ಅಂತ ಒಂದು ಅಂಕಿ ಬರುತ್ತಲ್ಲ, ಅದು ಆಗುಂಬೆಯವರಿಗೂ ಸರಿಯಲ್ಲ, ಶಿಕಾರಿಪುರದವರಿಗೂ ಸರಿಯಲ್ಲ. ಒಂದು ಗುಡ್ಡದ ಆ ಕಡೆ ಈ ಕಡೆ ಮಳೆ ಬೇರೆ. ಅಡಿಕೆ, ಕಾಳುಮೆಣಸಿಗೆ ಈಗ ಹವಾಮಾನ ಆಧಾರಿತ ಬೆಳೆ ವಿಮೆ ಇದೆ, ಪರಿಹಾರದ ಲೆಕ್ಕ ಗ್ರಾಮ ಪಂಚಾಯಿತಿಯ ಮಳೆ ಮಾಪಕದ ಮೇಲೆ ನಿಂತಿರುತ್ತೆ. ಆ ಮಾಪಕ ಮರದಡಿ ಇದ್ರೆ, ಅದರೊಳಗೆ ತರಗೆಲೆ ಕಟ್ಟಿದ್ರೆ, ಬಿದ್ದ ಮಳೆ ಲೆಕ್ಕಕ್ಕೇ ಬರಲ್ಲ. ಹಾಗಾಗಿ ನಿಮ್ಮ ಪಂಚಾಯಿತಿಯ ಮಾಪಕ ಎಲ್ಲಿದೆ, ಹೇಗಿದೆ ಅಂತ ಮೃಗಶಿರ ಮಳೆ ಹಿಡಿಯೋ ಮುಂಚೆ ಒಂದು ಸಲ ಹೋಗಿ ನೋಡ್ಕೊಂಡು ಬನ್ನಿ, ಸರಿಯಿಲ್ಲದಿದ್ರೆ ಪಂಚಾಯಿತಿಗೆ ಬರೆದು ಕೊಡಿ.